ಒಂದು ಸ್ಟೇಜ್ ಮೊದಲೇ ಇಳಿಯುವವರು



ಬೆಳಿಗ್ಗೆ ಎಂಟರ ಹೊತ್ತಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲೋ, ಪೀಣ್ಯದಲ್ಲೋ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲೋ ನೀವು ಓಡಾಡಿದ್ದರೆ ಒಂದು ನೋಟ ಕಣ್ಣಿಗೆ ಬಿದ್ದೇ ಇರುತ್ತದೆ. ರಸ್ತೆಯ ಅಂಚಿನಲ್ಲಿ, ನಿಂತ ಗಾಡಿಗಳ ಸಂದಿಯಲ್ಲಿ, ಹೆಂಗಸರು ಗುಂಪುಗುಂಪಾಗಿ ಬಿರಬಿರನೆ ನಡೆಯುತ್ತಿರುತ್ತಾರೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿಯ ಬುಟ್ಟಿ, ಕೊರಳಲ್ಲಿ ಕಾರ್ಖಾನೆಯ ಐಡಿ ಕಾರ್ಡು. ಯಾರೂ ನಿಂತು ಮಾತಾಡುವುದಿಲ್ಲ. ಇವರು ಗಾರ್ಮೆಂಟ್ಸ್ ಹೆಂಗಸರು. ಇನ್ನು ಸ್ವಲ್ಪ ಹೊತ್ತಿಗೆ ಗೇಟು ಮುಚ್ಚುತ್ತದೆ. ಮನೆ ಬಾಗಿಲಿನಿಂದ ಆ ಗೇಟಿನವರೆಗಿನ ದಾರಿಯ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ. ಹಲವು ವರ್ಷ ಈ ಹೆಂಗಸರ ಜೊತೆ ಆ ದಾರಿಯಲ್ಲಿ ಓಡಾಡಿದವಳು ನಾನು.

2014ರ ಏಪ್ರಿಲಿನಲ್ಲಿ ಸಿಟಿ ಬಸ್ಸಿನ ದರ ಏರಿತು. ದರ ಇಳಿಸಿ ಎಂದು ಸಹಿ ಸಂಗ್ರಹ ಮಾಡಲು ನಾವು ನಾಲ್ಕೈದು ಜನ ರಟ್ಟು, ಕ್ಲಿಪ್ಪು, ಪೆನ್ನು ಹಿಡಿದು ಸ್ಟಾಪಿನಿಂದ ಸ್ಟಾಪಿಗೆ ಹೋಗುತ್ತಿದ್ದೆವು. ಒಂದು ಸಂಜೆ ಮಂಡ್ಯ ಕಡೆಯ ಒಬ್ಬ ಅಕ್ಕ ಸಹಿ ಹಾಕಲು ಹಿಂಜರಿದರು. "ನಾನು ಪೂರ್ತಿ ಬಸ್ಸಲ್ಲಿ ಬರೋಳಲ್ಲ ಕನವ್ವ. ಒಂದು ಸ್ಟೇಜು ಹಿಂದ್ಕೇ ಇಳ್ಕಂಡು ಅಲ್ಲಿಂದ ನಡ್ಕಂಡು ಬತ್ತೀನಿ. ನಂದ್ಯಾಕೆ ಸಹಿ?" ಎಂದರು. ಯಾಕೆ ನಡೆಯುತ್ತೀರಿ ಅಂತ ಕೇಳಿದೆ. ಲೆಕ್ಕ ಅವರ ಬಾಯಲ್ಲೇ ಇತ್ತು. ಹೋಗುವಾಗ ಬರುವಾಗ ಸೇರಿ ದಿನಕ್ಕೆ ಐದು ರೂಪಾಯಿ ಉಳಿಯುತ್ತದೆ. ಇಪ್ಪತ್ತಾರು ದಿನಕ್ಕೆ ನೂರ ಮೂವತ್ತು. "ಮಗನ ಪೆನ್ನು ಪುಸ್ತಕಕ್ಕಾಯ್ತದೆ."

ಬಸ್ಸಿನ ಸ್ಟೇಜೆಂದರೆ ಎರಡು ಕಿಲೋಮೀಟರ್. ಎಂಟು ಗಂಟೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಕಾಲು ಬೆಳಿಗ್ಗೆ ಎರಡು, ಸಂಜೆ ಎರಡು ಕಿಲೋಮೀಟರ್ ನಡೆದು ಉಳಿಸಿದ ದುಡ್ಡದು. ಆಗ ಅವರ ಕೈಗೆ ಬರುತ್ತಿದ್ದ ಸಂಬಳ ಆರೇಳು ಸಾವಿರ. ಬಸ್ಸಿನ ತಿಂಗಳ ಪಾಸು ಸಾವಿರ ದಾಟಿತ್ತು. ಮನೆ ಬಾಡಿಗೆ, ಚೀಟಿ, ಸಂಘದ ಸಾಲದ ಕಂತು ಕಟ್ಟಿ ಮಿಕ್ಕಿದ್ದರಲ್ಲಿ ಪಾಸಿಗೆ ಸಾವಿರ ಎಣಿಸುವುದು ಆಗದ ಮಾತು. ಅಲ್ಲಿಯವರೆಗೆ ನನಗೂ ಕಾರ್ಮಿಕರ ಹಕ್ಕು ಅಂದರೆ ಕಾರ್ಖಾನೆಯೊಳಗಿನ ವಿಚಾರ ಎಂಬ ತಿಳಿವಳಿಕೆಯೇ ಇತ್ತು. ಸಂಬಳ, ಪಿಎಫ್, ಇಎಸ್‌ಐ, ಟಾರ್ಗೆಟ್ಟು, ಸೂಪರ್‌ವೈಸರನ ಬೈಗುಳ. ಬಸ್ಸಿನ ವಿಷಯ ಬೇರೆ, ಅದಕ್ಕೆ ಬೇರೆ ಜನ ಇದ್ದಾರೆ ಅಂದುಕೊಂಡಿದ್ದೆ. ಆ ಅಕ್ಕನ ಲೆಕ್ಕ ಕೇಳಿದ ಮೇಲೆ ಹಾಗೆ ಬೇರೆ ಮಾಡಿ ನೋಡುವುದು ನನ್ನಿಂದ ಆಗಿಲ್ಲ. ಬಸ್ಸಿನ ದರ ಎರಡು ರೂಪಾಯಿ ಏರಿದರೆ ಅವರ ಸಂಬಳ ಎರಡು ರೂಪಾಯಿ ಇಳಿದ ಹಾಗೆಯೇ. ಅದನ್ನು ಇಳಿಸಿದ್ದು ಮಾಲೀಕನಲ್ಲ ಅನ್ನುವುದಷ್ಟೇ ವ್ಯತ್ಯಾಸ.

ದುಡ್ಡಿನಷ್ಟೇ ದೊಡ್ಡದು ಹೊತ್ತಿನ ಲೆಕ್ಕ. ಬಸ್ಸು ಹತ್ತು ನಿಮಿಷ ತಡವಾದರೆ ಆಫೀಸಿಗೆ ಹೋಗುವವರಿಗೆ ಸ್ವಲ್ಪ ಮುಜುಗರ. ಗಾರ್ಮೆಂಟ್ಸ್ ಹೆಂಗಸಿಗೆ ಗೇಟಿನಲ್ಲಿ ನಿಲ್ಲಿಸುವ ಅವಮಾನ, ಎಷ್ಟೋ ಕಡೆ ಅರ್ಧ ದಿನದ ಸಂಬಳ ಕಡಿತ, ಅವತ್ತಿಡೀ "ನಿಮ್ಮಿಂದ ಲೈನೇ ನಿಂತಿತು" ಎಂಬ ಮಾತು. ಹಾಗಾಗಿ ಬಸ್ಸು ಕಾಣದಿದ್ದರೆ ಶೇರ್ ಆಟೋ, ಅದೂ ಸಿಗದಿದ್ದರೆ ಟಾಟಾ ಏಸ್ ಗಾಡಿಯ ಹಿಂಬದಿಯಲ್ಲಿ ಹಗ್ಗ ಹಿಡಿದು ನಿಲ್ಲುವುದು. ಒಂದು ಕಾಲದಲ್ಲಿ ಇದೇ ಊರಿನ ದೊಡ್ಡ ಸರ್ಕಾರಿ ಕಾರ್ಖಾನೆಗಳು ತಮ್ಮ ಕೆಲಸಗಾರರಿಗಾಗಿಯೇ ಬಸ್ಸು ಓಡಿಸುತ್ತಿದ್ದವು. ಆ ಬಸ್ಸು ಹೋಗುವ ಸಮಯಕ್ಕೆ ಬಡಾವಣೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಅಲ್ಲಿ ಯೂನಿಯನ್ ಗಟ್ಟಿಯಾಗಿತ್ತು, ಕೆಲಸಗಾರರಲ್ಲಿ ಗಂಡಸರೇ ಹೆಚ್ಚು. ಗಾರ್ಮೆಂಟ್ಸಿನಲ್ಲಿ ಲಕ್ಷಗಟ್ಟಲೆ ಹೆಂಗಸರಿದ್ದಾರೆ. ಅವರನ್ನು ಕರೆತರುವ ಹೊಣೆ ಮಾತ್ರ ಯಾರ ಮೇಲೂ ಇಲ್ಲ.

ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆ ಎಂಬ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಬಸ್ಸಿನಲ್ಲಿ ಹೋಗುವವರಿಗೂ ಒಂದು ಸಂಘಟನೆ ಬೇಕು ಎಂದು ಕೆಲವರು ಸೇರಿ ಕಟ್ಟಿದ್ದು ಅದು. ದರ ಇಳಿಸಿ, ಬಸ್ಸು ಹೆಚ್ಚಿಸಿ, ಬಡವರ ಬಡಾವಣೆಗಳಿಗೂ ಬಸ್ಸು ಬಿಡಿ ಎಂಬ ಬೇಡಿಕೆಗಳಿಗೆ ಗಾರ್ಮೆಂಟ್ಸ್ ಯೂನಿಯನ್ನಿನವರು, ಮನೆಗೆಲಸದವರು, ವಿದ್ಯಾರ್ಥಿಗಳು ದನಿಗೂಡಿಸಿದರು. ಬಸ್ಸು ಬಡವರ ಗಾಡಿ, ಕೊಟ್ಟಷ್ಟಕ್ಕೆ ಸುಮ್ಮನಿರಬೇಕು ಎನ್ನುವ ನಂಬಿಕೆ ನಮ್ಮ ನಗರದಲ್ಲಿ ಆಳವಾಗಿ ಬೇರೂರಿತ್ತು. ಅದನ್ನು ಅಲುಗಿಸಲು ಎಷ್ಟೋ ಸಂಜೆಗಳು ಬೇಕಾದವು. ಗಾರ್ಮೆಂಟ್ಸ್ ಹೆಂಗಸರಿಗೆ ರಿಯಾಯಿತಿ ಪಾಸು ಕೊಡುವ 'ವನಿತಾ ಸಂಗಾತಿ' ಯೋಜನೆ ಮುಂದೆ ಬಂದಾಗ ಅದರ ಹಿಂದೆ ಆ ಸಂಜೆಗಳ ಪಾಲೂ ಇತ್ತು ಎಂದು ನಾನು ನಂಬುತ್ತೇನೆ.

ಸಂಘಟನೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಮೈಕು, ಬಾವುಟ, ಫ್ರೀಡಂ ಪಾರ್ಕು ಬರುತ್ತವೆ. ಅದು ಕಡೆಯ ದಿನದ ನೋಟ. ಅದಕ್ಕೆ ಮುಂಚಿನ ದಿನಗಳು ವಠಾರದಲ್ಲಿ ಕಳೆಯುತ್ತವೆ. ಗಾರ್ಮೆಂಟ್ಸ್ ಹೆಂಗಸು ವಾರದಲ್ಲಿ ಮನೆಯಲ್ಲಿ ಸಿಗುವುದು ಭಾನುವಾರ ಒಂದೇ ದಿನ. ಆ ದಿನ ಒಗೆಯುವ ಬಟ್ಟೆ ರಾಶಿ ಬಿದ್ದಿರುತ್ತದೆ, ನೀರು ಬಿಡುವ ಹೊತ್ತು ಹಿಡಿಯಬೇಕು, ರೇಷನ್ ತರಬೇಕು, ಮಕ್ಕಳ ತಲೆಗೆ ಎಣ್ಣೆ ಹಚ್ಚಬೇಕು. ಆ ಮನೆಗೆ ಹೋಗಿ "ಅಕ್ಕ, ಮೀಟಿಂಗು" ಅಂದರೆ ಯಾರು ಬರುತ್ತಾರೆ? ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಕೊಡ ತುಂಬುವ ತನಕ, ಸೊಪ್ಪು ಸೋಸುವ ತನಕ ಮಾತಾಡಬೇಕು. ಮೊದಲ ದಿನ ಯೂನಿಯನ್ ಎಂಬ ಮಾತೂ ಎತ್ತಬಾರದು. ಅವರ ಇಎಸ್‌ಐ ಕಾರ್ಡಿನಲ್ಲಿ ಗಂಡನ ಹೆಸರು ತಪ್ಪು ಬಿದ್ದಿರುತ್ತದೆ, ಅದನ್ನು ಸರಿಪಡಿಸಲು ಜೊತೆಗೆ ಹೋಗಬೇಕು. ಸಂಬಳದ ಚೀಟಿಯಲ್ಲಿ ಯಾವ ಕಾಲಮ್ಮಿನ ಅರ್ಥ ಏನು ಅಂತ ಬೆರಳಿಟ್ಟು ತೋರಿಸಬೇಕು. ಎರಡನೆಯ ತಿಂಗಳು ಅವರೇ ಪಕ್ಕದ ಮನೆಯವರನ್ನು ಕರೆಯುತ್ತಾರೆ. 'ಮುನ್ನಡೆ'ಯಂಥ ಸಂಘಟನೆಯವರಾಗಲಿ, ಆಮೇಲೆ ಹುಟ್ಟಿದ ಗಾರ್ಮೆಂಟ್ಸ್ ಯೂನಿಯನ್ನುಗಳಾಗಲಿ ನೆಲೆ ಕಂಡುಕೊಂಡಿದ್ದು ಈ ದಾರಿಯಲ್ಲೇ. ಗೇಟಿನ ಮುಂದೆ ನಿಂತು ಕರಪತ್ರ ಹಂಚಿದರೆ ಯಾರು ತೆಗೆದುಕೊಂಡರು ಎಂದು ನೋಡಲು ಒಳಗಿನಿಂದ ಒಬ್ಬರು ಬಂದಿರುತ್ತಿದ್ದರು. ಬಸ್ ಸ್ಟಾಪಿನಲ್ಲಾದರೆ ಹಾಗಿಲ್ಲ. ಬಸ್ಸು ಬರುವ ಏಳೆಂಟು ನಿಮಿಷ ಅವರದೇ.

ಇಷ್ಟೆಲ್ಲ ಮಾಡಿಯೂ ನಮ್ಮ ಅಂದಾಜನ್ನು ಮೀರಿ ಜನ ಎದ್ದು ನಿಂತ ದಿನವೊಂದಿದೆ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

2016ರ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮುಂಚೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸ ಸಿಗದಿದ್ದರೆ ಪಿಎಫ್ ಹಣವನ್ನೆಲ್ಲ ತೆಗೆಯಬಹುದಿತ್ತು. ಹೊಸ ನಿಯಮದ ಪ್ರಕಾರ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗುವಂತಿರಲಿಲ್ಲ. ದೆಹಲಿಯಲ್ಲಿ ಕೂತು ನೋಡಿದರೆ ಇದು ಮುಪ್ಪಿನ ಕಾಲಕ್ಕೆ ಉಳಿತಾಯ. ಆದರೆ ಗಾರ್ಮೆಂಟ್ಸಿನ ಲೈನಿನಲ್ಲಿ ನಲವತ್ತೈದು ದಾಟಿದ ಟೈಲರ್ ಸಿಗುವುದೇ ಅಪರೂಪ. ಕಣ್ಣು ಮಂಜಾಗುತ್ತದೆ, ಸೊಂಟ ಸೋಲುತ್ತದೆ, ಟಾರ್ಗೆಟ್ಟು ಮುಟ್ಟಲಾಗುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಕೆಲಸ ಬಿಟ್ಟು, ಪಿಎಫ್ ತೆಗೆಸಿ, ಮಗಳ ಮದುವೆ ಮಾಡಿ, ಇಲ್ಲವೇ ಅಡವಿಟ್ಟ ಓಲೆ ಬಿಡಿಸಿ, ಮತ್ತೆ ಬೇರೆ ಫ್ಯಾಕ್ಟರಿಗೆ ಸೇರುವುದು ಅವರ ಬದುಕಿನ ಏರ್ಪಾಡು. ಬೇರೆಯವರಿಗೆ ಬ್ಯಾಂಕು, ಹೊಲ, ಚಿನ್ನ ಏನೇನು ಆಗಿರುತ್ತವೋ ಅಷ್ಟೆಲ್ಲ ಅವರಿಗೆ ಪಿಎಫ್ ಒಂದೇ.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಕಡೆ ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಮರುದಿನ ಜಾಲಹಳ್ಳಿ, ಪೀಣ್ಯ, ಹೆಬ್ಬಗೋಡಿ, ಎಲ್ಲ ಕಡೆ ಅದೇ. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಮುಂದೆ ನಿಂತು ಮಾತಾಡುವ ನಾಯಕರಿರಲಿಲ್ಲ. ಯಾರೊಡನೆ ಮಾತುಕತೆ ಮಾಡುವುದು ಎಂದು ಅಧಿಕಾರಿಗಳಿಗೆ ತೋಚಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಕಲ್ಲು ತೂರಾಟವಾಯಿತು, ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಸುಟ್ಟು ನಿಂತ ಬಸ್ಸುಗಳನ್ನು ಕಂಡು ನನಗೆ ತುಂಬಾ ಸಂಕಟವಾಗಿತ್ತು. ಮರುದಿನ ಕೆಲಸಕ್ಕೆ ಹೋಗಲು ಅದೇ ಹೆಂಗಸರಿಗೆ ಅದೇ ಬಸ್ಸು ಬೇಕಿತ್ತು. ಮಂಗಳವಾರ ಸಂಜೆ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಎರಡು ದಿನದಲ್ಲಿ ಬೆಂಗಳೂರಿನ ಹೊಲಿಗೆ ಕೆಲಸದ ಹೆಂಗಸರು ಇಡೀ ದೇಶದ ಕೆಲಸಗಾರರ ಪಿಎಫ್ ಉಳಿಸಿಕೊಟ್ಟರು. ಈ ಮಾತು ನಮ್ಮ ಶಾಲೆಯ ಪಾಠಗಳಲ್ಲಿ ಬರಬೇಕೆಂದು ನನ್ನ ಆಸೆ.

ನಾಯಕರಿರಲಿಲ್ಲ ಅಂದ ಮಾತ್ರಕ್ಕೆ ಅದು ಏಕಾಏಕಿ ಬಿದ್ದ ಸಿಡಿಲು ಎಂದು ನಾನು ಒಪ್ಪುವುದಿಲ್ಲ. ಅಷ್ಟು ಜನಕ್ಕೆ ಒಂದೇ ವಿಷಯ ಒಂದೇ ಹೊತ್ತಿಗೆ ತಿಳಿದದ್ದು ಹೇಗೆ? ಬಸ್ಸಿನಲ್ಲಿ, ಸ್ಟಾಪಿನಲ್ಲಿ, ಊಟದ ಹೊತ್ತಿನಲ್ಲಿ, ನಲ್ಲಿಯ ಬಳಿ ಆಡಿದ ಮಾತಿನಿಂದ. ಹಲವು ವರ್ಷಗಳಿಂದ ಸಂಬಳದ ಚೀಟಿ ಓದಲು ಕಲಿತ ಕಣ್ಣುಗಳು ಆ ಹೊತ್ತಿಗೆ ಸಾಕಷ್ಟಿದ್ದವು.

ಆಮೇಲೆ ಬಂದ ಇನ್ನೊಂದು ಹೋರಾಟ ಬೀದಿಗೆ ಬರಲೇ ಇಲ್ಲ. 2020ರಲ್ಲಿ ಕೊರೊನಾದ ಕಾರಣ ಹೇಳಿ ತುಟ್ಟಿಭತ್ಯೆಯ ಹೆಚ್ಚಳವನ್ನು ಮುಂದೂಡಲು ರಾಜ್ಯ ಸರ್ಕಾರ ಮಾಲೀಕರಿಗೆ ಅವಕಾಶ ಕೊಟ್ಟಿತು. ತಿಂಗಳಿಗೆ 417 ರೂಪಾಯಿ. ಗಾರ್ಮೆಂಟ್ಸ್ ಯೂನಿಯನ್ ಹೈಕೋರ್ಟಿಗೆ ಹೋಯಿತು, ಹೆಚ್ಚಳ ಕೊಡಬೇಕೆಂದು ಆ ವರ್ಷವೇ ಸೆಪ್ಟೆಂಬರಿನಲ್ಲಿ ಆದೇಶವಾಯಿತು. ಆದರೂ ಹಲವು ಕಾರ್ಖಾನೆಗಳು ವರ್ಷಕ್ಕೂ ಮೀರಿ ಕೊಡಲಿಲ್ಲ. ಇಲ್ಲಿ ಹೊಲಿದ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳಿಗೆ ಪತ್ರ ಬರೆದು, ಒತ್ತಡ ತಂದು, 2022ರ ಆರಂಭದ ಹೊತ್ತಿಗೆ ಬಾಕಿ ಬರತೊಡಗಿತು. 417 ರೂಪಾಯಿ ಅಂದರೆ ಯಾರಿಗೆ ಎಷ್ಟು ಅನ್ನುವುದನ್ನು ನಾನು ಮತ್ತೆ ಹೇಳಬೇಕಿಲ್ಲ. ನೂರ ಮೂವತ್ತು ರೂಪಾಯಿಗಾಗಿ ತಿಂಗಳಿಡೀ ನಡೆದವರ ಕಥೆ ಆಗಲೇ ಹೇಳಿದ್ದೇನೆ.

ಇನ್ನು ವಲಸೆಯ ಮಾತು. ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಇದಕ್ಕೆ ಹಳೆಯ ಹೆಸರಿದೆ, ಗುಳೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮೇಸ್ತ್ರಿಯ ಹಿಂದೆ ಬೆಂಗಳೂರಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾರೆ. ಕನ್ನಡದವರೇ ಆದರೂ ಈ ನಗರದಲ್ಲಿ ಅವರಿಗೆ ವಿಳಾಸ ಇರುವುದಿಲ್ಲ. ತಗಡಿನ ಶೆಡ್ಡಿಗೆ ಯಾರು ಬಾಡಿಗೆ ಪತ್ರ ಬರೆದು ಕೊಡುತ್ತಾರೆ? 2020ರ ಮೇ ತಿಂಗಳ ಮೊದಲ ದಿನಗಳಲ್ಲಿ, ಲಾಕ್‌ಡೌನಿನ ನಡುವೆ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಅವರನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಗೋಣಿಚೀಲ, ಬಕೆಟ್ಟು, ಕಂಕುಳಲ್ಲಿ ಕೂಸು. ಊರಿಗೆ ಹೋಗುವ ಬಸ್ಸಿಗೆ ಮೊದಲು ಮಾಮೂಲಿಗಿಂತ ಹೆಚ್ಚು ದರ ಕೇಳಿದರು. ಜನ ಛೀಮಾರಿ ಹಾಕಿದ ಮೇಲೆ ಉಚಿತವಾಯಿತು.

ಹೊರರಾಜ್ಯದವರ ಪಾಡು ಇನ್ನೂ ಕಷ್ಟ. ಮೇ 3ರಿಂದ ಚಿಕ್ಕಬಾಣಾವರ, ಮಾಲೂರು ನಿಲ್ದಾಣಗಳಿಂದ ಶ್ರಮಿಕ ರೈಲುಗಳು ಹೊರಟವು. ಎರಡೇ ದಿನ ಕಳೆದು, ಮೇ 5ರಂದು, ಕಟ್ಟಡ ನಿರ್ಮಾಣ ಸಂಸ್ಥೆಗಳವರ ಜೊತೆ ಸಭೆಯಾದ ಮೇಲೆ, ಇನ್ನು ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ಕೆಲಸಗಾರರು ಹೊರಟುಹೋದರೆ ಕಟ್ಟಡ ನಿಲ್ಲುತ್ತದೆಂಬ ಕಾರಣಕ್ಕೆ ಮನುಷ್ಯರನ್ನು ತಮ್ಮ ಊರಿಗೆ ಹೋಗದಂತೆ ತಡೆದ ಆ ದಿನ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕಾರ್ಮಿಕ ಸಂಘಟನೆಗಳು, ವಕೀಲರು, ಪತ್ರಕರ್ತರು ಗಟ್ಟಿಯಾಗಿ ಪ್ರತಿಭಟಿಸಿದರು. ಎರಡು ದಿನದಲ್ಲಿ ಆ ನಿರ್ಧಾರ ಬದಲಾಯಿತು. ಆ ವಾರಗಳಲ್ಲಿ ನಾವು ಮಾಡಿದ್ದು ಅತ್ಯಂತ ಸಣ್ಣ ಕೆಲಸ. ಪೊಲೀಸ್ ಠಾಣೆಯ ಮುಂದಿನ ಸಾಲಿನಲ್ಲಿ ನಿಂತವರ ಮೊಬೈಲಿನಲ್ಲಿ, ಊರಿಗೆ ಹೋಗಲು ಬೇಕಿದ್ದ ಸೇವಾ ಸಿಂಧು ಅರ್ಜಿ ತುಂಬಿಕೊಡುವುದು. ಅರ್ಜಿ ಇಂಗ್ಲಿಷು ಕನ್ನಡದಲ್ಲಿ, ಜನ ಹಿಂದಿ, ಒಡಿಯಾ, ಬಂಗಾಳಿಯಲ್ಲಿ. ಊರಿನ ಹೆಸರು ಕೇಳಿ ಬರೆಯುವಾಗ ಅವರ ಮುಖ ಅರಳುತ್ತಿತ್ತು. ಅಷ್ಟು ದಿನ ಯಾರೂ ಅವರ ಊರು ಯಾವುದೆಂದು ಕೇಳಿರಲಿಲ್ಲ.

ಈಗ ಗಾರ್ಮೆಂಟ್ಸಿನ ಲೈನಿನಲ್ಲಿ ಮಂಡ್ಯ, ರಾಮನಗರ, ತುಮಕೂರಿನ ಹೆಂಗಸರ ಪಕ್ಕದ ಮೆಷಿನ್ನುಗಳಲ್ಲಿ ಒಡಿಶಾ, ಜಾರ್ಖಂಡದ ಹದಿನೆಂಟು ಇಪ್ಪತ್ತರ ಹುಡುಗಿಯರು ಕೂತಿದ್ದಾರೆ. ಸರ್ಕಾರದ ಕೌಶಲ ತರಬೇತಿ ಮುಗಿಸಿ ರೈಲು ಹತ್ತಿ ಬಂದವರು. ಕೆಲವರು ಕಾರ್ಖಾನೆಯ ಹಾಸ್ಟೆಲಿನಲ್ಲಿದ್ದಾರೆ, ಕೆಲವರು ಏಳೆಂಟು ಜನ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. "ಇವರು ಬಂದ ಮೇಲೆ ನಮ್ಮ ಓಟಿ ಹೋಯಿತು, ಇವರು ಎಷ್ಟು ಕೊಟ್ಟರೂ ಒಪ್ಪುತ್ತಾರೆ" ಎಂಬ ಮಾತು ನಮ್ಮ ಹೆಂಗಸರ ಬಾಯಲ್ಲಿ ಬರುತ್ತದೆ. ಅದರ ಹಿಂದಿನ ದಿಗಿಲು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಯೇ ನಿಂತರೆ ಲೈನು ಎರಡಾಗಿ ಒಡೆಯುತ್ತದೆ. ಹಾಗೆ ಒಡೆದ ಲೈನಿನಿಂದ ಯಾರಿಗೂ ಒಂದು ರೂಪಾಯಿ ಹೆಚ್ಚು ಬಂದದ್ದನ್ನು ನಾನು ಕಂಡಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಉಚಿತ ಪ್ರಯಾಣ. ಆ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಂಡ್ಯದ ಆ ಅಕ್ಕ ಈಗ ಗೇಟಿನ ಎದುರಿನ ಸ್ಟಾಪಿನಲ್ಲೇ ಇಳಿಯುತ್ತಾರೆ. ತವರಿಗೆ ಹೋಗದೆ ನಾಲ್ಕು ವರ್ಷವಾಗಿದ್ದವರು ಹೋಗಿ ಬಂದರು. ಗಂಡನ ಕೈ ನೋಡದೆ ಆಸ್ಪತ್ರೆಗೆ ಹೋದರು. "ಫ್ರೀ ಕೊಟ್ಟರೆ ಸುಮ್ಮನೆ ತಿರುಗುತ್ತಾರೆ" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಜೀವಮಾನವೆಲ್ಲ ಮನೆ, ಗೇಟು, ಮನೆ ಎಂದು ಬದುಕಿದವರು ಒಂದು ದಿನ ಸುಮ್ಮನೆ ತಿರುಗಲಿ ಬಿಡಿ.

ಆದರೆ ಆ ಉಚಿತ ಟಿಕೆಟ್ಟಿಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಒಂದು ಸಂಜೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಒಂದೇ ಕಾರ್ಖಾನೆ, ಒಂದೇ ಬಣ್ಣದ ಐಡಿ ಕಾರ್ಡಿನ ದಾರ. ಕಂಡಕ್ಟರ್ ಬಂದರು. ಕಿಟಕಿಯ ಪಕ್ಕದವರು ಆಧಾರ್ ತೋರಿಸಿ ಜೀರೋ ಟಿಕೆಟ್ ತೆಗೆದುಕೊಂಡರು. ಪಕ್ಕದ ಒಡಿಯಾ ಹುಡುಗಿಯೂ ಆಧಾರ್ ತೆಗೆದಳು. ಕಂಡಕ್ಟರ್ ಅದನ್ನು ತಿರುಗಿಸಿ ವಿಳಾಸ ನೋಡಿ, ಜೋರು ಮಾಡದೆ, "ಇದು ನಡೆಯಲ್ಲಮ್ಮ, ಟಿಕೆಟ್ ತಗೋಬೇಕು" ಅಂದರು. ಹುಡುಗಿ ಪರ್ಸಿನ ಜಿಪ್ಪು ಎಳೆದು ಮಡಿಸಿಟ್ಟ ನೋಟು ಬಿಡಿಸಿದಳು. ಇಬ್ಬರೂ ಆಮೇಲೆ ಒಂದು ಮಾತೂ ಆಡಲಿಲ್ಲ. ಜೀರೋ ಟಿಕೆಟ್ ಹಿಡಿದವರು ಅದನ್ನು ಮುಷ್ಟಿಯಲ್ಲಿ ಮಡಿಸಿ ಹೊರಗೆ ನೋಡುತ್ತಿದ್ದರು, ತಾವೇ ಏನೋ ತಪ್ಪು ಮಾಡಿದವರ ಹಾಗೆ.

ವಿಳಾಸ ಬದಲಾಯಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಹಾಸ್ಟೆಲಿನಲ್ಲಿ ಇರುವವಳಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಊರಿನ ವಿಳಾಸ ತೆಗೆಸಿದರೆ ಅಲ್ಲಿನ ರೇಷನ್ನು, ಅಮ್ಮನ ಪಿಂಚಣಿ, ಹೊಲದ ಕಾಗದಕ್ಕೆ ಏನು ತೊಡಕಾಗುತ್ತದೋ ಎಂಬ ಅಳುಕು. ಅವಳ ಪಿಎಫ್ ಇಲ್ಲಿ ಕಟ್ಟುತ್ತಿದೆ, ಅವಳು ಹೊಲಿದ ಅಂಗಿ ಈ ರಾಜ್ಯದ ರಫ್ತಿನ ಲೆಕ್ಕದಲ್ಲಿ ಸೇರುತ್ತದೆ, ಅವಳು ಕೊಳ್ಳುವ ಸೋಪಿಗೆ ಇಲ್ಲೇ ತೆರಿಗೆ ಬೀಳುತ್ತದೆ. ಬೇರೆ ರಾಜ್ಯದಿಂದ ಗುತ್ತಿಗೆಯ ಮೇಲೆ ಕರೆತಂದ ಕೆಲಸಗಾರರಿಗೆ ಬಂದುಹೋಗುವ ಖರ್ಚು ಕೊಡಬೇಕೆಂದು 1979ರಲ್ಲೇ ಸಂಸತ್ತು ಕಾನೂನು ಮಾಡಿತ್ತು. ದೂರದ ರೈಲಿನ ಖರ್ಚನ್ನು ಆಗಲೇ ಯೋಚಿಸಿದ್ದ ದೇಶ ನಾವು. ಇಲ್ಲಿ ಕೆಲಸ ಮಾಡುವವರ ಫ್ಯಾಕ್ಟರಿ ಐಡಿಯನ್ನೋ ಇಎಸ್‌ಐ ಕಾರ್ಡನ್ನೋ ಸಿಟಿ ಬಸ್ಸಿನಲ್ಲಿ ಒಪ್ಪಿಕೊಳ್ಳಿ ಎಂದು ಕೇಳುವುದು ಅತಿಯಾಸೆ ಅಲ್ಲ.

ಈ ಮಾತು ಎತ್ತಿದಾಗಲೆಲ್ಲ ನನಗೆ ಅಮೆರಿಕದ ಲಾಸ್ ಏಂಜಲಿಸ್ ನಗರ ನೆನಪಾಗುತ್ತದೆ. ಸಿನಿಮಾದ ಊರು, ಕಾರುಗಳ ಊರು ಎಂದು ನಾವು ತಿಳಿದಿರುವ ಆ ನಗರದಲ್ಲಿ ಬಸ್ಸು ಹತ್ತುವವರು ಯಾರು? ಮೆಕ್ಸಿಕೊ, ಮಧ್ಯ ಅಮೆರಿಕ, ಕೊರಿಯಾಗಳಿಂದ ಬಂದವರು, ಕಪ್ಪು ಜನ. ಮನೆಗೆಲಸ, ಹೋಟೆಲು ಕೆಲಸ, ಬಟ್ಟೆ ಹೊಲಿಯುವ ಕೆಲಸ ಮಾಡುವವರು. 1994ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಬಸ್ ದರವನ್ನು 1 ಡಾಲರ್ 10 ಸೆಂಟಿನಿಂದ 1 ಡಾಲರ್ 35 ಸೆಂಟಿಗೆ ಏರಿಸಿ, 42 ಡಾಲರಿನ ತಿಂಗಳ ಪಾಸನ್ನೇ ರದ್ದು ಮಾಡಲು ಹೊರಟಿತು. ಇನ್ನೊಂದು ಕಡೆ ರೈಲು ಮಾರ್ಗಗಳಿಗೆ ಹಣ ಹರಿಯುತ್ತಿತ್ತು. ಆಗ ಬಸ್ ರೈಡರ್ಸ್ ಯೂನಿಯನ್ ಎಂಬ ಸಂಘಟನೆಯವರು ಬಸ್ಸಿನೊಳಗೇ ಹತ್ತಿ, ಸೀಟಿನಿಂದ ಸೀಟಿಗೆ ಹೋಗಿ ಸದಸ್ಯರನ್ನು ಮಾಡಿಕೊಂಡರು. ಸಭೆಗಳಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಕೊರಿಯನ್ ಮೂರೂ ಭಾಷೆಗಳಿಗೆ ಅನುವಾದಕರು. ಬಡವರ, ಕರಿಯರ, ವಲಸೆ ಬಂದವರ ಬಸ್ಸಿಗೆ ಒಂದು ನ್ಯಾಯ, ಉಳ್ಳವರ ರೈಲಿಗೆ ಇನ್ನೊಂದು ನ್ಯಾಯ ಮಾಡುತ್ತಿದ್ದೀರಿ, ಇದು ಜನಾಂಗ ತಾರತಮ್ಯ ಎಂದು ಕೋರ್ಟಿಗೆ ಹೋದರು. ಸೆಪ್ಟೆಂಬರಿನ ಮೊದಲ ದಿನವೇ ನ್ಯಾಯಾಧೀಶ ಟೆರಿ ಹ್ಯಾಟರ್ ಏರಿಕೆಗೆ ತಡೆ ಕೊಟ್ಟರು. 1996ರ ಅಕ್ಟೋಬರಿನಲ್ಲಿ ಹತ್ತು ವರ್ಷದ ಒಪ್ಪಂದವಾಯಿತು. 42 ಡಾಲರಿನ ಪಾಸು ಉಳಿಯಿತು, ಒಂದು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರ ಸಂಖ್ಯೆಗೆ ಮಿತಿ ಬಂತು, ಹಳೆಯ ಬಸ್ಸುಗಳ ಜಾಗಕ್ಕೆ ಹೊಸವು ಬಂದವು. ಒಪ್ಪಂದವನ್ನು ಸಂಸ್ಥೆ ಸರಿಯಾಗಿ ಪಾಲಿಸದಿದ್ದಾಗ, 1998ರಲ್ಲಿ, ಸೀಟು ಕೊಡದಿದ್ದರೆ ಟಿಕೆಟ್ ತೆಗೆಯುವುದಿಲ್ಲ ಎಂಬ ಚಳವಳಿಯನ್ನೂ ಮಾಡಿದರು.

ಅವರ ಕಾನೂನು ಬೇರೆ, ನಮ್ಮ ಕಾನೂನು ಬೇರೆ. ಅವರಿಂದ ನಾನು ಕಲಿತದ್ದು ಸಭೆಯನ್ನು ಬಂದವರೆಲ್ಲರ ಭಾಷೆಯಲ್ಲೂ ನಡೆಸುವುದನ್ನು. ನಮ್ಮ ಏರಿಯಾ ಮೀಟಿಂಗುಗಳಲ್ಲಿ ಬಹಳ ವರ್ಷ ಕನ್ನಡ ಒಂದೇ ಇತ್ತು, ಹೆಚ್ಚೆಂದರೆ ಸ್ವಲ್ಪ ತೆಲುಗು, ತಮಿಳು. ಒಡಿಯಾ ಹುಡುಗಿಯರು ಬಂದರೂ ಗೋಡೆಗೊರಗಿ ಕೂತು ಎದ್ದು ಹೋಗುತ್ತಿದ್ದರು. ಅವರಿಗೆ ಆಸಕ್ತಿ ಇಲ್ಲ ಅಂದುಕೊಂಡೆವು. ತಪ್ಪು ನಮ್ಮದಿತ್ತು.

ಕಂಡಕ್ಟರ್, ಡ್ರೈವರುಗಳನ್ನು ಮರೆತು ಈ ಮಾತು ಮುಗಿಸಿದರೆ ಅನ್ಯಾಯವಾಗುತ್ತದೆ. ಪ್ರಯಾಣಿಕರ ಸಿಟ್ಟೆಲ್ಲ ಎದುರಿಗೆ ಸಿಗುವ ಮನುಷ್ಯನ ಮೇಲೆ ಬೀಳುತ್ತದೆ. ಚಿಲ್ಲರೆಗೆ ಜಗಳ, ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಗೆ ಜಗಳ, ಸ್ಟಾಪಿನಲ್ಲಿ ನಿಲ್ಲಿಸದೆ ಹೋದದ್ದಕ್ಕೆ ಜಗಳ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಟ್ರಿಪ್ಪು ತಡವಾದರೆ ಡಿಪೋದಲ್ಲಿ ಉತ್ತರ ಕೊಡಬೇಕಾದವರು ಅವರೇ. 2021ರ ಏಪ್ರಿಲಿನಲ್ಲಿ ಆರನೇ ವೇತನ ಆಯೋಗದ ಸಂಬಳ ಕೇಳಿ ಸಾರಿಗೆ ನೌಕರರು ಹದಿನೈದು ದಿನ ಮುಷ್ಕರ ಮಾಡಿದಾಗ ನಾವು ಸ್ಟಾಪುಗಳಲ್ಲಿ ನಿಂತು ಹೆಂಗಸರ ಜೊತೆ ಮಾತಾಡಿದೆವು. ಕೆಲಸಕ್ಕೆ ಹೋಗಲಾಗದೆ ಕಂಗಾಲಾಗಿದ್ದರೂ ಒಬ್ಬರು, "ಅವ್ರೂ ನಮ್ಮಂಗೇ ಡ್ಯೂಟಿ ಮಾಡೋರಲ್ವೇನವ್ವ" ಅಂದರು. ಅಷ್ಟು ಸಲೀಸಾಗಿ ಆ ಮಾತು ಬಂದದ್ದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

2025ರ ಜನವರಿಯಲ್ಲಿ ಬಸ್ಸಿನ ದರ ಮತ್ತೆ ಶೇಕಡಾ 15 ಏರಿತು. ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕರ್ನಾಟಕದ ವಿಳಾಸವಿರುವ ಹೆಂಗಸರಿಗೆ ಬಸ್ಸಿನ ಏರಿಕೆ ತಟ್ಟಲಿಲ್ಲ. ತಟ್ಟಿದ್ದು ಅವರ ಗಂಡಂದಿರಿಗೆ, ಕಾಲೇಜು ಮುಗಿಸಿದ ಗಂಡುಮಕ್ಕಳಿಗೆ, ಮತ್ತು ಆ ಒಡಿಯಾ ಹುಡುಗಿಗೆ. ಅದೇ ವರ್ಷ ಒಂದು ಒಳ್ಳೆಯ ಸುದ್ದಿಯೂ ಬಂತು: ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದು, 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಬೀದಿಗೆ ಬಂದು ಗೆದ್ದುಕೊಂಡದ್ದು ಅದು. ಅವರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗಿನ ಆರೂವರೆಗೆ ಮಸ್ಟರಿನ ಜಾಗದಲ್ಲಿ ಹಾಜರಿ ಹಾಕಬೇಕಾದವರು. ಆ ಹೊತ್ತಿಗೆ ತಲುಪಿಸುವ ಬಸ್ಸು ಅವರ ಎಲ್ಲ ಬಡಾವಣೆಗಳಿಂದಲೂ ಇನ್ನೂ ಇಲ್ಲ. ಉಚಿತ ಟಿಕೆಟ್ಟಿದ್ದೂ ಬಸ್ಸಿಲ್ಲದಿದ್ದರೆ ಏನು ಬಂತು? ಮುಂಜಾವದ ಬಸ್ಸು ಕೇಳುವುದು ಈಗ ನಮ್ಮ ಮುಂದಿರುವ ಕೆಲಸ. ಇದಕ್ಕೆ ಪೌರಕಾರ್ಮಿಕರು, ಹೂ ಮಾರುವವರು, ಮನೆಗೆಲಸದವರು ಮೂವರೂ ಒಟ್ಟಿಗೆ ಬಂದಿದ್ದಾರೆ.

ನಮ್ಮ ಏರಿಯಾ ಮೀಟಿಂಗಿನಲ್ಲಿ ಈಗ ಒಂದು ನೋಟ್‌ಬುಕ್ಕಿದೆ. ಎಡಗಡೆ ಕನ್ನಡದಲ್ಲಿ ಬಸ್ಸಿನ ಬೋರ್ಡಿನ ಹೆಸರುಗಳು, ಬಲಗಡೆ ಅದೇ ಹೆಸರು ಒಡಿಯಾ ಅಕ್ಷರದಲ್ಲಿ. ಸುಂಕದಕಟ್ಟೆ, ಲಗ್ಗೆರೆ, ಕೆಂಗೇರಿ. ಮಂಡ್ಯದ ಅಕ್ಕ ಓದಿ ಹೇಳುತ್ತಾರೆ, ಒಡಿಶಾದ ಹುಡುಗಿ ಬರೆದುಕೊಳ್ಳುತ್ತಾಳೆ. 'ಸುಂಕದಕಟ್ಟೆ'ಯ ಒತ್ತಕ್ಷರದ ಬಳಿ ಅವಳ ಪೆನ್ನು ಪ್ರತಿ ಸಲ ನಿಲ್ಲುತ್ತದೆ. "ಅದು ಟ ಕೆಳಗೆ ಟ, ಏನೂ ಇಲ್ಲ ಬರೀ" ಅಂತ ಅಕ್ಕ ಅನ್ನುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ಅವರಿಬ್ಬರ ಜೊತೆ ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಬಂದಾಗ ಹುಡುಗಿ ದುಡ್ಡು ಕೊಟ್ಟು ಟಿಕೆಟ್ ತೆಗೆದಳು, ಮನೆಗಿಂತ ಒಂದು ಸ್ಟೇಜ್ ಮೊದಲಿನ ಸ್ಟಾಪಿಗೆ. ಆ ಸ್ಟಾಪು ಬಂತು, ಅವಳು ಎದ್ದಳು. ಅಕ್ಕ ಕೈಯಲ್ಲಿದ್ದ ಜೀರೋ ಟಿಕೆಟ್ಟನ್ನು ಬ್ಯಾಗಿನೊಳಗೆ ತುರುಕಿ, ಡಬ್ಬಿಯ ಬುಟ್ಟಿ ಎತ್ತಿಕೊಂಡು, "ನಡಿ, ನಾನೂ ಬತ್ತೀನಿ" ಎಂದು ಅವಳ ಹಿಂದೆಯೇ ಇಳಿದರು.